ಬೆಳ್ಳಿತೆರೆಯ ಬಂಗಾರ, ಹಟ್ಟಿಯ ಬಂಗಾರ

ಹೈದರಾಬಾದಿನಲ್ಲಿ ನಾನು ಕರ್ನಾಟಕದವನು ಅಂತ ಹೇಳಿದರೆ ಮೊದಲೆಲ್ಲ ಜನ ರಾಜ್‌ಕುಮಾರ್ ಹೆಸರು ತೆಗೆಯುತ್ತಿದ್ದರು, ಇಲ್ಲವೇ ಬೆಂಗಳೂರಿನ ತಂಪು ಹವೆಯನ್ನು ಹೊಗಳುತ್ತಿದ್ದರು. 2018ರ ಡಿಸೆಂಬರಿನಲ್ಲಿ ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್’ ಮೊದಲ ಭಾಗ ತೆಲುಗಿಗೂ ಡಬ್ ಆಗಿ ಬಂತು; 2022ರ ಏಪ್ರಿಲಿನಲ್ಲಿ ಎರಡನೆಯದು. ಆಮೇಲೆ ಮಾತೇ ಬದಲಾಗಿ ಹೋಯಿತು. ಈಗ ನಾನು ಬಾಯಿ ಬಿಡುವ ಮೊದಲೇ “ಓಹೋ, ಕೆಜಿಎಫ್!” ಅನ್ನುತ್ತಾರೆ. ನಮ್ಮ ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗ ಒಂದು ದಿನ ಲಿಫ್ಟಿನಲ್ಲಿ ಸಿಕ್ಕು, “ಅಂಕುಲ್, ಆ ನರಾಚಿ ಊರು ನಿಜವಾಗ್ಲೂ ಇದೆಯಾ? ನೀವು ನೋಡಿದ್ದೀರಾ?” ಅಂತ ಕೇಳಿದ. ಇಲ್ಲಪ್ಪಾ, ಅದು ಕಥೆ, ಅಂದೆ. ಹುಡುಗನ ಮುಖ ಸಪ್ಪಗಾಯಿತು.

ಊರಿನಲ್ಲೇ ಇರುವವರಿಗೆ ಇದು ನಗುವ ವಿಷಯ ಇರಬಹುದು. ಪರಊರಿನಲ್ಲಿ ಇರುವವನಿಗೆ ತನ್ನ ನಾಡಿನ ಬಗ್ಗೆ ಹಬ್ಬಿದ ಕಥೆ ಎಂದರೆ ಒಂದು ಬಗೆಯ ಗುರುತಿನ ಚೀಟಿ. ಅದನ್ನು ನೋಡಿಯೇ ಎದುರಿನವರು ನಮ್ಮನ್ನು ಅಳೆಯುವುದು. ಅದರಲ್ಲಿ ಬರೆದದ್ದು ಸರಿ ಇದೆಯೋ ಇಲ್ಲವೋ ನೋಡಿಕೊಳ್ಳುವುದು ನಮ್ಮ ಕೆಲಸ. ಹಾಗಾಗಿ ಚಿನ್ನ ಹುಡುಕುವವರ ಬಗ್ಗೆ ಬಂದ ಕೆಲವು ಸಿನಿಮಾಗಳನ್ನು ಕೂತು ಮತ್ತೆ ನೋಡಿದೆ. ನಾನು ಸಿನಿಮಾ ಪಂಡಿತನಲ್ಲ. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದವನು. ಒಡವೆ ಸಾಲದ ಕೌಂಟರಿನಲ್ಲಿ ಒರೆಗಲ್ಲು, ತಕ್ಕಡಿ ಹಿಡಿದ ಅಕ್ಕಸಾಲಿಯ ಪಕ್ಕ ಕೂತು ರಸೀದಿ ಬರೆದವನು. ಚಿನ್ನ ಎಲ್ಲಿಂದ ಬಂತು, ಯಾರ ಕೈಯಿಂದ ಬಂತು, ಲೆಕ್ಕ ಸರಿ ಇದೆಯೇ, ಇಷ್ಟೇ ನನಗೆ ಗೊತ್ತಿರುವ ವಿಮರ್ಶೆ. ಅದನ್ನೇ ಇಲ್ಲಿ ಸಿನಿಮಾಕ್ಕೆ ಹಚ್ಚಿ ನೋಡಿದ್ದೇನೆ.

ಮೊದಲು ಹೊರಗಿನ ಸಿನಿಮಾಗಳು. ಚಾಪ್ಲಿನ್ನನ ‘ದಿ ಗೋಲ್ಡ್ ರಷ್’ (1925) ನೋಡದವರು ಕಡಿಮೆ. ಹಿಮದ ಬೆಟ್ಟವನ್ನು ಇರುವೆ ಸಾಲಿನಂತೆ ಹತ್ತುವ ಜನ, ಹಸಿವು ತಾಳದೆ ಬೇಯಿಸಿ ತಿಂದ ಬೂಟು. ಕ್ಲಾಂಡೈಕ್ ಚಿನ್ನಕ್ಕಾಗಿ 1898ರ ಹೊತ್ತಿಗೆ ಹೊರಟ ಸಾವಿರಾರು ಜನರಲ್ಲಿ ಬಹುಪಾಲು ಬರಿಗೈಲಿ ವಾಪಸಾದರು. ಚಾಪ್ಲಿನ್ ತನ್ನ ಅಲೆಮಾರಿಯನ್ನು ಕೊನೆಗೆ ಕೋಟ್ಯಧೀಶನನ್ನಾಗಿ ಮಾಡಿದರೂ ನಮ್ಮ ನೆನಪಿನಲ್ಲಿ ಉಳಿಯುವುದು ಆ ಬೂಟೇ. ಚಿನ್ನಕ್ಕಿಂತ ಮೊದಲು ಹಸಿವು ಕಾಣುತ್ತದೆ. ಅದು ಪ್ರಾಮಾಣಿಕವಾದ ಲೆಕ್ಕ.

ಎರಡನೆಯದು ‘ಮೆಕನ್ನಾಸ್ ಗೋಲ್ಡ್’ (1969). ನಾನು ಧಾರವಾಡದಲ್ಲಿ ಎಂ.ಕಾಂ. ಓದುವಾಗ ಹಾಸ್ಟೆಲಿನ ಅರ್ಧ ಹುಡುಗರಿಗೆ ಅದರ ಕಥೆ ಬಾಯಿಪಾಠ. ಮುದುಕ ಅಪಾಚೆಯೊಬ್ಬನ ಬಳಿ ನಕ್ಷೆ ಇದೆ, ಆತ ಸತ್ತ ಮೇಲೆ ನಾಯಕನ ತಲೆಯಲ್ಲಿ ಮಾತ್ರ ಅದು ಉಳಿದಿದೆ, ಕೊನೆಗೆ ಕಣಿವೆ ತುಂಬಾ ಥಳಥಳ ಬಂಗಾರ, ಆಮೇಲೆ ಭೂಕಂಪ. ನಮ್ಮಲ್ಲಿ ಚಿನ್ನ ಎಂದರೆ ಗೋಡೆಗೆ ಮೆತ್ತಿದಂತೆ ಸಿಗುತ್ತದೆ ಎಂಬ ಭ್ರಮೆ ಹುಟ್ಟಿಸಿದ ಸಿನಿಮಾ ಯಾವುದಾದರೂ ಇದ್ದರೆ ಅದು ಇದೇ. ಗಮನಿಸಬೇಕಾದ್ದು ಇನ್ನೊಂದು. ಆ ಚಿನ್ನದ ಗುಟ್ಟು ಅಪಾಚೆಗಳಿಗೆ ಮೊದಲೇ ಗೊತ್ತು. ಸಿನಿಮಾಕ್ಕೆ ಹೆಸರು ಮಾತ್ರ ಬಿಳಿಯ ಮೆಕನ್ನಾನದು.

ಮೂರನೆಯದು ಜಾನ್ ಹ್ಯೂಸ್ಟನ್‌ರ ‘ದಿ ಟ್ರೆಜರ್ ಆಫ್ ದಿ ಸಿಯೆರಾ ಮಾದ್ರೆ’ (1948). ನನ್ನ ಮಟ್ಟಿಗೆ ಈ ಜಾತಿಯಲ್ಲಿ ಇದಕ್ಕಿಂತ ಒಳ್ಳೆಯ ಸಿನಿಮಾ ಬಂದಿಲ್ಲ. ಮೆಕ್ಸಿಕೋದ ಬೆಟ್ಟದಲ್ಲಿ ಮೂವರು ಬಡ ಅಮೆರಿಕನ್ನರು ತಿಂಗಳುಗಟ್ಟಲೆ ಮಣ್ಣು ತೊಳೆಯುತ್ತಾರೆ. ಸಿಗುವುದು ಗಟ್ಟಿಯಲ್ಲ, ಧೂಳು. ಕೊನೆಗೆ ಕಳ್ಳರು ಅದನ್ನು ಮರಳೆಂದು ತಿಳಿದು ಚೆಲ್ಲುತ್ತಾರೆ, ಗಾಳಿ ಹೊತ್ತುಕೊಂಡು ಹೋಗುತ್ತದೆ. ಅದರಲ್ಲಿ ಒಬ್ಬ ಮುದುಕ ಇದ್ದಾನೆ. ಚಿನ್ನಕ್ಕೆ ಬೆಲೆ ಬಂದದ್ದು ಅದನ್ನು ಹುಡುಕಿ ಸೋತವರ ದುಡಿಮೆಯೂ ಸೇರಿ ಎಂದು ಆತ ಲೆಕ್ಕ ಹೇಳುತ್ತಾನೆ. ಹೊರಡುವಾಗ, ಬೆಟ್ಟಕ್ಕೆ ಗಾಯ ಮಾಡಿದ್ದೇವೆ, ಮುಚ್ಚಿ ಹೋಗಬೇಕು ಎಂದು ಹಟ ಹಿಡಿಯುತ್ತಾನೆ. ಈ ಮುದುಕನನ್ನು ನೆನಪಿಡಿ. ಮುಂದೆ ಬೇಕಾಗುತ್ತಾನೆ.

ಇನ್ನು ನಮ್ಮ ‘ಕೆ.ಜಿ.ಎಫ್’. ಹೊಗಳಬೇಕಾದ್ದನ್ನು ಮೊದಲು ಹೊಗಳಿಬಿಡೋಣ. ಕೋಲಾರದ ಸೈನೈಡ್ ದಿಬ್ಬಗಳ ಆ ಬೂದು ಬಣ್ಣವನ್ನು ಪರದೆಗೆ ತಂದ ರೀತಿ ದೊಡ್ಡದು. ಧೂಳು ಮೈಗೆ ಅಂಟುತ್ತದೆ ಅನ್ನಿಸುತ್ತದೆ. ಕನ್ನಡದ ಸಿನಿಮಾವೊಂದನ್ನು ಹೈದರಾಬಾದಿನ ಥಿಯೇಟರಿನಲ್ಲಿ ಜನ ಶಿಳ್ಳೆ ಹೊಡೆದು ನೋಡಿದ್ದು ಕಂಡು ನನಗೂ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ?

ಆದರೆ ಚಿನ್ನದ ಹುಡುಕಾಟವನ್ನು ಅದು ಹೇಗೆ ಹೇಳುತ್ತದೆ ನೋಡಿ. 1951ರ ಒಂದು ರಾತ್ರಿ ಚಿನ್ನ ಸಿಗುತ್ತದೆ. ಅದೇ ರಾತ್ರಿ ನಾಯಕ ಹುಟ್ಟುತ್ತಾನೆ. ಕಂಡವರನ್ನು ಕೊಂದು, ಸುಣ್ಣದಕಲ್ಲಿನ ಗಣಿ ಎಂದು ಕಾಗದ ಮಾಡಿಸಿ, ಒಬ್ಬ ಖಳ ಅದನ್ನು ನುಂಗುತ್ತಾನೆ. ಅಲ್ಲಿಗೆ ಹುಡುಕಾಟ ಮುಗಿಯಿತು, ಉಳಿದದ್ದೆಲ್ಲ ಯಾರದು ಎಂಬ ಬಡಿದಾಟ. ಎರಡನೆಯ ಭಾಗದ ಕೊನೆಗೆ ಗಟ್ಟಿ ಚಿನ್ನವೆಲ್ಲ ಹಡಗಿನ ಸಮೇತ ಸಮುದ್ರದ ತಳ ಸೇರುತ್ತದೆ. ಅಲ್ಲಿ ದುಡಿಯುವ ಜನರಿಗೆ ಕಷ್ಟ ಇದೆ, ಹೆಸರಿಲ್ಲ. ಬೇಡಿ ಇದೆ, ಊರಿಲ್ಲ. ಯಾವ ಹಳ್ಳಿಯಿಂದ ಬಂದರು, ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು ಎಂಬ ಪ್ರಶ್ನೆಗೆ ಸಿನಿಮಾ ನಿಲ್ಲುವುದಿಲ್ಲ. ಯಾರೋ ಬಂದು ಬಿಡಿಸಲಿ ಎಂದು ಕಾಯುವುದೇ ಅವರ ಕೆಲಸ.

“ಸಿನಿಮಾ ರೀ, ಅದಕ್ಕೇನು ಇತಿಹಾಸ ಬೇಕು?” ಅಂತ ಕಾಚಿಗುಡದ ಸಾಹಿತ್ಯ ಮಂದಿರದ ಕಡೆ ಸಿಕ್ಕ ನನ್ನ ಗೆಳೆಯರು ಬೈದರು. ಒಪ್ಪುತ್ತೇನೆ. ಕಥೆಗೆ ಸ್ವಾತಂತ್ರ್ಯ ಇದೆ. ನನ್ನ ತಕರಾರು ತಾರೀಖಿನದಲ್ಲ. ನಿಜವಾದ ಹುಡುಕಾಟವೇ ಇದಕ್ಕಿಂತ ದೊಡ್ಡ ಕಥೆಯಾಗಿರುವಾಗ ಅದನ್ನು ಬಿಟ್ಟು ಸಣ್ಣದನ್ನು ಆರಿಸಿಕೊಂಡದ್ದು ಯಾಕೆ ಎಂಬುದು.

ನಿಜದ ಕಥೆ ಕೇಳಿ. 1802ರಲ್ಲಿ ಮೈಸೂರು ಸೀಮೆಯ ಮೂಡಣ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಉರಿಗಾಂ ಸುತ್ತಿನ ಹಳ್ಳಿಗರು ಮಣ್ಣಿನಲ್ಲಿ ಚಿನ್ನ ಇದೆ ಎಂಬುದನ್ನು ತೋರಿಸಿಕೊಟ್ಟರು. ಆತ ಬಹುಮಾನ ಸಾರಿದ. ಹಳ್ಳಿಗರು ಎತ್ತಿನ ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದರು. ಸುಮಾರು 56 ಕಿಲೋ ಮಣ್ಣಿಗೆ ಸಿಕ್ಕದ್ದು ಒಂದು ಗ್ರೇನ್ ಚಿನ್ನ, ಅಂದರೆ ಹೆಚ್ಚುಕಡಿಮೆ ಅರ್ಧ ಗುಲಗಂಜಿ ತೂಕ. ಟನ್ನಿಗೆ ಲೆಕ್ಕ ಹಾಕಿದರೆ ಒಂದು ಗ್ರಾಂ ಚಿಲ್ಲರೆ. ಅದಾಗಿ ಎಪ್ಪತ್ತು ವರ್ಷದ ನಂತರ ಮೈಕೆಲ್ ಲೆವೆಲ್ ಎಂಬ ಐರಿಷ್ ಸಿಪಾಯಿ ಬಂದ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದವನು. ವಾರನ್‌ನ ಹಳೆಯ ವರದಿ ಓದಿ ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋದ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ ಪರವಾನಗಿ ಪಡೆದ. ದುಡ್ಡು ಸಾಲದೆ ಎರಡೇ ವರ್ಷಕ್ಕೆ ಹಕ್ಕು ಬೇರೆಯವರಿಗೆ ಬಿಟ್ಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಅವರಿಗೂ ಸುಲಭವಾಗಲಿಲ್ಲ. ಬಂಡವಾಳ ಬಹುತೇಕ ಕರಗಿ, ಬಾಗಿಲು ಹಾಕುವ ಮಾತು ಬಂದಾಗ ಉಳಿದ ಹಣದಲ್ಲಿ ಇನ್ನೊಮ್ಮೆ ಅಗೆಯೋಣ ಅಂದರು. ಕ್ಯಾಪ್ಟನ್ ಪ್ಲಮರ್ ಎಂಬಾತ ಹೊಸ ಜಾಗ ಹುಡುಕುವುದು ಬಿಟ್ಟು ಹಳೆಯ ಕಾಲದವರು ತೋಡಿದ್ದ ಗುಂಡಿಗಳ ಕೆಳಕ್ಕೇ ಇಳಿದ. ಅಲ್ಲಿ ಸಿಕ್ಕಿತು ಚಾಂಪಿಯನ್ ಪದರ. ಮುಂದಿನ ನೂರಿಪ್ಪತ್ತು ವರ್ಷದಲ್ಲಿ ಆ ನೆಲದಿಂದ ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ ಬಂತು. ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು.

ಇದರಲ್ಲಿ ಯಾರು ಚಿನ್ನ ‘ಕಂಡುಹಿಡಿದರು’? ವಾರನ್ ಹಳ್ಳಿಗರಿಂದ ತಿಳಿದ, ಲೆವೆಲ್ ವಾರನ್‌ನಿಂದ ತಿಳಿದ, ಪ್ಲಮರ್ ಹಳಬರ ಗುಂಡಿಯಿಂದ ತಿಳಿದ. ಕಂಡವರು ಮೊದಲೇ ಕಂಡಿದ್ದರು. ಆಮೇಲೆ ಬಂದವರು ಕಾಗದಕ್ಕೆ ಸಹಿ ಹಾಕಿದರು. ಬೆಂಗಳೂರಿನಲ್ಲಿ ಲೆವೆಲ್ ಹೆಸರಿನ ರಸ್ತೆ ಇದೆ. ಮಣ್ಣು ತೊಳೆದು ತೋರಿಸಿದವರ ಹೆಸರು ಯಾವ ಓಣಿಗೂ ಇಲ್ಲ.

ಆ ತೊಳೆಯುವವರಿಗೆ ಕನ್ನಡದಲ್ಲಿ ಒಂದು ಹೆಸರೇ ಇದೆ: ಜಲಗಾರರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಗದಗ ಸೀಮೆಯ ಕಪ್ಪತಗುಡ್ಡದ ಚಿನ್ನದ ಬಗ್ಗೆ ಬರೆದಾಗ ನೆಚ್ಚಿಕೊಂಡದ್ದು ಹಳ್ಳದ ಮರಳು ತೊಳೆಯುವ ಈ ಜಲಗಾರರ ಕೈಯನ್ನೇ. ಮಳೆ ಬಂದು ಹಳ್ಳ ಹರಿದ ಮೇಲೆ ಮರಿಗೆ ಹಿಡಿದು ಹೊರಡುವ ಜನ. ಅಕ್ಕಸಾಲಿಯ ಅಂಗಡಿಯ ಕಸ ಗುಡಿಸಿ ತೊಳೆದು ಚಿನ್ನದ ಚೂರು ತೆಗೆಯುವವರಿಗೂ ಅದೇ ಹೆಸರು. ಕನ್ನಡದಲ್ಲಿ ಚಿನ್ನ ಹುಡುಕುವವನೂ ಬೀದಿ ಗುಡಿಸುವವನೂ ಒಂದೇ ಪದದಲ್ಲಿ ಸೇರಿಕೊಂಡಿದ್ದಾರೆ. ಇಂಥ ಪದ ಇಟ್ಟುಕೊಂಡ ಭಾಷೆಯ ಸಿನಿಮಾಕ್ಕೆ ಜಲಗಾರ ಕಾಣಿಸಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಪಾ. ರಂಜಿತ್ ಅವರ ತಮಿಳಿನ ‘ತಂಗಲಾನ್’ (2024) ಬಂದಾಗ ಈ ಕೊರತೆ ತುಂಬೀತು ಎಂದು ಆಸೆಪಟ್ಟೆ. ಅರ್ಧ ತುಂಬಿದೆ. ಅಲ್ಲಿ ಹುಡುಕುವವನು ಉತ್ತರ ಆರ್ಕಾಟಿನ ಜಮೀನು ಕಳೆದುಕೊಂಡ ರೈತ. ವಿಕ್ರಂ ಆ ಪಾತ್ರಕ್ಕೆ ಮೈ ಕೊಟ್ಟು ದುಡಿದಿದ್ದಾರೆ. ಒಬ್ಬ ಬಿಳಿಯ ಅಧಿಕಾರಿ ಪಾಲು ಕೊಡುತ್ತೇನೆಂದು ಕರೆಯುತ್ತಾನೆ, ಊರವರು ಗಂಟುಮೂಟೆ ಕಟ್ಟಿ ಹೊರಡುತ್ತಾರೆ. ಚಿನ್ನದ ಆಸೆಯ ಹಿಂದೆ ಇರುವುದು ತುಂಡು ನೆಲದ ಆಸೆ ಎಂದು ಇಷ್ಟು ನೇರವಾಗಿ ಹೇಳಿದ ಸಿನಿಮಾ ನಮ್ಮಲ್ಲಿ ಬಂದಿರಲಿಲ್ಲ. ದ್ವಿತೀಯಾರ್ಧದಲ್ಲಿ ಮಾತ್ರ ಚಿನ್ನ ಕಾಯುವ ಮಾಯಾಂಗನೆ, ರಕ್ತ, ಜನ್ಮಾಂತರ ಎಲ್ಲ ಸೇರಿ ಗದ್ದಲವಾಗುತ್ತದೆ. ಮಣ್ಣು ತೊಳೆಯುವ ಬೇಸರದ ಕೆಲಸಕ್ಕೆ ಅಲ್ಲೂ ತಾಳ್ಮೆ ಸಾಲಲಿಲ್ಲ. ಆದರೂ ಎರಡರಲ್ಲಿ ಒಂದನ್ನು ನೋಡಿ ಅಂದರೆ ನಾನು ಇದನ್ನೇ ಹೇಳುವುದು. ಇದರಲ್ಲಿ ದುಡಿಯುವವರಿಗೆ ಹೆಸರಿದೆ, ಊರಿದೆ, ಜಗಳ ಇದೆ.

ಆ ಊರು ಮುಖ್ಯ. ಕೋಲಾರದ ಗಣಿಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ಮಾತಿನ ದಲಿತರು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿ ಬಲ್ಲವರು ಬಂದರು. ಎಲ್ಲರೂ ಪರಊರಿನವರೇ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕಳ್ಳರಂತೆ ನಮ್ಮನ್ನು ಗುರುತು ಹಾಕಬೇಡಿ ಎಂಬ ಮಾನದ ಪ್ರಶ್ನೆ ಅದರಲ್ಲಿ ಇತ್ತು. ನಾಯಕ ಹೊರಗಿಂದ ಬರಲಿಲ್ಲ, ಅವರೇ ನಿಂತರು. ನನ್ನ ಕೌಂಟರಿನಲ್ಲಿ ಹೆಬ್ಬೆಟ್ಟು ಒತ್ತಿದ ಎಷ್ಟೋ ಜನರ ಮುಖ ಈ ಸಂಗತಿ ಓದಿದಾಗ ನೆನಪಾಯಿತು. ಇಂಥ ದೃಶ್ಯ ಕೈಲಿಟ್ಟುಕೊಂಡು ಮೆಷಿನ್‌ಗನ್ನಿಗೆ ಹೋಗಬೇಕಿತ್ತೆ?

ಈಗ ನಮ್ಮ ಕಡೆಗೆ ಬರುತ್ತೇನೆ, ಅಂದರೆ ರಾಯಚೂರು ಸೀಮೆಗೆ. ಇದನ್ನು ಹೈದರಾಬಾದಿನಲ್ಲಿ ಕೂತು ಬರೆಯುವುದಕ್ಕೆ ಕಾರಣ ಇದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ 1956ರವರೆಗೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ನೆಲ. 1886ರಲ್ಲಿ ನಿಜಾಮ್ ಸರ್ಕಾರದಿಂದ ಗಣಿ ಹಕ್ಕು ಪಡೆದ ಹೈದರಾಬಾದ್ ಡೆಕ್ಕನ್ ಕಂಪನಿಯ ಕಥೆ ಯಾವ ಸಿನಿಮಾಕ್ಕೂ ಕಡಿಮೆ ಇಲ್ಲ. ಹತ್ತು ಲಕ್ಷ ಪೌಂಡ್ ಬಂಡವಾಳದ ಕಂಪನಿ. ಷೇರುಗಳ ಬಹುಪಾಲು ಹಕ್ಕು ಪಡೆದವರ ಕೈಗೇ ಹೋಯಿತು. ನೆಲದಿಂದ ಏನೂ ತೆಗೆಯುವ ಮೊದಲೇ ಲಂಡನ್ನಿನ ಷೇರುಪೇಟೆಯಲ್ಲಿ ಚಿನ್ನ ತೆಗೆದರು. ಹಗರಣವಾಗಿ 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ವಿಚಾರಣೆಗೆ ಕೂತಿತು. ಆ ಕಂಪನಿಯ ಕಲ್ಲಿದ್ದಲೇ ಮುಂದೆ ಸಿಂಗರೇಣಿ ಆದದ್ದು. ರೆಡ್ ಹಿಲ್ಸ್ ಕಡೆ ಸಿಂಗರೇಣಿ ಭವನದ ಮುಂದೆ ಹಾದು ಹೋಗುವಾಗೆಲ್ಲ ನನಗೆ ಹಟ್ಟಿಯೇ ಜ್ಞಾಪಕಕ್ಕೆ ಬರುತ್ತದೆ. ಅದೇ ಹೊತ್ತಿನಲ್ಲಿ, 1880ರ ಸುಮಾರಿಗೆ, ವಯನಾಡಿನ ಚಿನ್ನದ ಹೆಸರಿನಲ್ಲೂ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಎದ್ದು ಕೆಲವೇ ವರ್ಷದಲ್ಲಿ ಮುಳುಗಿದವು. ಹುಡುಕಾಟದಲ್ಲಿ ಹೆಚ್ಚು ಗಳಿಸುವವರು ಬೆಟ್ಟ ಹತ್ತುವುದಿಲ್ಲ ಎಂಬುದು ಈ ವ್ಯಾಪಾರದ ಹಳೆಯ ಪಾಠ.

ಹಟ್ಟಿಯಲ್ಲಿ ಬಂದವರಿಗೆ ದಾರಿ ತೋರಿಸಿದ್ದೂ ಹಳೆಯ ಗುಂಡಿಗಳೇ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಜನ ಅಲ್ಲಿ ಆರುನೂರು ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಮದ್ದಿಲ್ಲ, ಯಂತ್ರವಿಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸಿ, ಕಲ್ಲನ್ನು ಮೇಲಕ್ಕೆ ಹೊತ್ತು ತಂದು ಅರೆದು ತೊಳೆದವರು. ಕಂಪನಿಗಳು ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕ ನಡೆಸಿ 1920ರಲ್ಲಿ ಬಿಟ್ಟು ಹೋದವು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಮತ್ತೆ ಶುರುವಾದದ್ದು ರಾಜ್ಯ ಪುನರ್ವಿಂಗಡಣೆಯ ನಂತರ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಇವತ್ತಿಗೂ ನಡೆಯುತ್ತಿದೆ. ಟನ್ನು ಕಲ್ಲು ಅರೆದರೆ ಕೆಲವೇ ಗ್ರಾಂ.

ಚಿನ್ನ ಹುಡುಕಿಕೊಂಡು ಹೋದವರಿಗೆ ಚಿನ್ನಕ್ಕಿಂತ ದೊಡ್ಡದು ಸಿಕ್ಕದ್ದೂ ಇಲ್ಲೇ. ಹಟ್ಟಿಗೆ ದೂರವಿಲ್ಲದ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಬಂಡೆಯ ಮೇಲೆ ಅಕ್ಷರ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದಿನ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ದೇವಾನಾಂಪ್ರಿಯ ಎಂದಷ್ಟೇ ಶಾಸನಗಳಲ್ಲಿ ಕಾಣುತ್ತಿದ್ದ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಸುವರ್ಣಗಿರಿ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಸ್ಕಿ, ಕನಕಗಿರಿ, ಕರ್ನೂಲಿನ ಜೊನ್ನಗಿರಿ, ಮೂರಕ್ಕೂ ವಕೀಲರಿದ್ದಾರೆ. ಆ ಜೊನ್ನಗಿರಿ, ತುಗ್ಗಲಿ ಹೊಲಗಳಲ್ಲಿ ಈಗಲೂ ಮೊದಲ ಮಳೆ ಬಿದ್ದ ಕೂಡಲೇ ಜನ ವಜ್ರ ಹುಡುಕಲು ಬರುತ್ತಾರೆ. ನಮ್ಮ ಬಳ್ಳಾರಿ ಕಡೆಯವರೂ ಅಲ್ಲಿರುತ್ತಾರೆ. ಬುತ್ತಿ ಕಟ್ಟಿಕೊಂಡು, ಮರದಡಿ ಮಲಗಿ, ದಿನವಿಡೀ ತಲೆ ತಗ್ಗಿಸಿ ನಡೆಯುವ ಹೆಂಗಸರು, ಮಕ್ಕಳು. ಇದಕ್ಕಿಂತ ಸಿನಿಮಾ ಬೇಕೆ?

ಲಿಂಗಸುಗೂರಿನಲ್ಲಿ ನಾನು ಕೆಲಸ ಮಾಡುವಾಗ ಹಟ್ಟಿಯ ಕಾರ್ಮಿಕರು ಮಗಳ ಮದುವೆಗೆ, ಮಗನ ಫೀಸಿಗೆ ಹೆಂಡತಿಯ ಬೋರಮಾಳ ಅಡ ಇಡಲು ಬರುತ್ತಿದ್ದರು. ಒಬ್ಬರು ಹೇಳಿದ ಮಾತು ಮರೆತಿಲ್ಲ: “ಸಾಹೇಬ್ರ, ಬಂಗಾರ ತಗಿಯೋರು ನಾವು, ಬಂಗಾರ ಬಿಡಿಸ್ಕೊಳ್ಳೋದು ಮಾತ್ರ ಆಗವಲ್ದು ನೋಡ್ರಿ.” ನಗುತ್ತಲೇ ಹೇಳಿದ್ದರು. ಈ ಒಂದು ಮಾತಿನ ತೂಕ ಆ ಎರಡು ಭಾಗಗಳ ಸಂಭಾಷಣೆಗೆಲ್ಲ ಸೇರಿಸಿದರೂ ಇಲ್ಲ ಅನ್ನುವುದು ನನ್ನ ತೀರ್ಪು.

ಊರಿನ ಓದುಗರಿಗೆ ಒಂದು ಮಾತು. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ನಾಲ್ಕೈದು ತಲೆಮಾರು ದುಡಿದವರ ಮಕ್ಕಳು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ನೌಕರಿಗೆ ಹೋಗಿ ರಾತ್ರಿ ಮರಳುತ್ತಾರೆ. ಸೈನೈಡ್ ದಿಬ್ಬ ಗಾಳಿ ಬಂದಾಗ ಅವರ ಮನೆಯ ಮೇಲೇ ಹಾರುತ್ತದೆ. ಸಿನಿಮಾದವರು ಅದರ ಮೇಲೆ ಸೆಟ್ ಹಾಕಿದರು. ಹ್ಯೂಸ್ಟನ್‌ರ ಸಿನಿಮಾದ ಮುದುಕನಂತೆ ಬೆಟ್ಟದ ಗಾಯ ಮುಚ್ಚಿ ಹೋಗೋಣ ಎಂದು ಹಟ ಹಿಡಿಯುವ ಪಾತ್ರ ನಮ್ಮ ಯಾವ ಕಥೆಯಲ್ಲೂ ಇಲ್ಲ. ಇನ್ನು, ಅವರು ತಮಿಳು ಮಾತಾಡುತ್ತಾರೆ, ನಮ್ಮವರಲ್ಲ ಎಂಬ ಮಾತನ್ನು ಬೆಂಗಳೂರಿನ ನೆಂಟರ ಮನೆಯಲ್ಲೇ ಕೇಳಿದ್ದೇನೆ. ಹಾಗೆ ನೋಡಿದರೆ ನಾನು ಇಲ್ಲಿ ಮನೆಯೊಳಗೆ ಕನ್ನಡ ಆಡುತ್ತಾ ಹೈದರಾಬಾದಿನವನು ಅನ್ನಿಸಿಕೊಂಡಿದ್ದೇನೆ. ಮೊಮ್ಮಕ್ಕಳು ನೃಪತುಂಗ ಶಾಲೆಗೆ ಹೋಗುತ್ತಾರೆ, ಯಾರೂ ಬೇಡ ಅಂದಿಲ್ಲ. ನಮಗೆ ಇಲ್ಲಿ ಸಿಕ್ಕದ್ದನ್ನು ಅವರಿಗೆ ಅಲ್ಲಿ ಕೊಡಲು ಅಡ್ಡಿ ಏನು? ನಾಡಿಗೆ ಎಂಟುನೂರು ಟನ್ ಚಿನ್ನ ತೆಗೆದುಕೊಟ್ಟವರು ಅವರು.

ಮೇಲಿನ ಮನೆಯ ಹುಡುಗನಿಗೆ ಈಗ ಉತ್ತರ ಸಿದ್ಧ ಇದೆ. ನರಾಚಿ ಇಲ್ಲ, ಹಟ್ಟಿ ಇದೆ, ನಿನ್ನ ಊರಿನ ಹೆಸರು ಹೊತ್ತ ಕಂಪನಿಯೇ ಅದನ್ನು ನಡೆಸುತ್ತಿತ್ತು, ಬೇಕಾದರೆ ಬಾ, ರಾಯಚೂರಿನ ಮೇಲೆ ಹೋಗಿ ನೋಡಿಕೊಂಡು ಬರೋಣ ಎಂದು ಹೇಳಬಲ್ಲೆ. ಆದರೆ ನಾನೊಬ್ಬ ಎಷ್ಟು ಲಿಫ್ಟುಗಳಲ್ಲಿ ನಿಂತು ಹೇಳಲಿ? ಕನ್ನಡದ ನಿರ್ದೇಶಕರೊಬ್ಬರು ಮರಿಗೆ ಹಿಡಿದ ಜಲಗಾರನನ್ನು, ಬೆರಳಚ್ಚು ಕೊಡೆನೆಂದ ಕೂಲಿಯನ್ನು, ಬೋರಮಾಳ ಅಡ ಇಟ್ಟ ಗಣಿ ಕೆಲಸಗಾರನನ್ನು ನಡುವೆ ಇಟ್ಟು ಒಂದು ಸಿನಿಮಾ ಮಾಡಲಿ. ಶಿಳ್ಳೆ ಬೀಳದೆ ಇರಬಹುದು. ಹಾಕಿದ ದುಡ್ಡೂ ಪೂರ್ತಿ ಬಾರದು, ಅದನ್ನು ಬ್ಯಾಂಕಿನವನಾಗಿ ಮೊದಲೇ ಹೇಳಿಬಿಡುತ್ತೇನೆ. ಟಿಕೆಟ್ ಕೊಳ್ಳುವ ಸಾಲಿನಲ್ಲಿ ಮಾತ್ರ ಹೈದರಾಬಾದಿನಿಂದ ನಾವು ನಾಲ್ಕು ಜನ ಇದ್ದೇ ಇರುತ್ತೇವೆ.